ಕಾಲು ಮುರಿದರೆ ಕರಾರೂ ಮುರಿಯಬೇಕೆ?

ಆಟಗಾರರ ಹರಾಜಿನ ಸುದ್ದಿ ಬಂದಾಗಲೆಲ್ಲ ನಮ್ಮ ಗಿರಣಿಯ ಗೆಳೆಯರು ನಗುವುದುಂಟು. ಲಕ್ಷ ಕೋಟಿಗಳಿಗೆ ಬಿಕರಿಯಾಗುವವರ ಗೋಳು ನಮಗೇಕೆ ಎಂದು ಚಹದ ಅಂಗಡಿಯಲ್ಲಿ ನಮ್ಮನ್ನೇ ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ದೊಡ್ಡ ಅಂಕಿಯನ್ನು ಓದಿದವರು ಕರಾರಿನ ಸಣ್ಣ ಅಕ್ಷರಗಳನ್ನೂ ಓದಬೇಕೆಂಬುದು ನಮ್ಮ ಬಿನ್ನಹ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲ್ಚೆಂಡಿನಾಟವಲ್ಲ. ಚೆಂಡನ್ನು ಹಿಡಿದು ಓಡುವವನ ಮೇಲೆ ಎದುರಾಳಿಗಳು ಮೈಭಾರವನ್ನೆಲ್ಲ ಹಾಕಿ ಬೀಳುವ ಆಟ ಅದು. ಮಂಡಿ, ಬೆನ್ನು, ತಲೆ ಯಾವುದಕ್ಕೂ ಭರವಸೆಯಿಲ್ಲ. ಅಲ್ಲಿನ ರಾಷ್ಟ್ರೀಯ ಲೀಗಿನ ಮಾದರಿ ಕರಾರಿನಲ್ಲಿ ಒಂದು ಕಲಮು ಇದೆ. ಆಡುವಾಗ ಗಾಯಗೊಂಡವನಿಗೆ ಗಾಯವಾದ ಆ ಒಂದು ಋತುವಿನ ಸಂಬಳ ಮಾತ್ರ ಸಲ್ಲುತ್ತದೆ; ಕರಾರಿನ ಉಳಿದ ವರ್ಷಗಳ ಸಂಬಳ ಆ ಕಲಮಿನ ಮೇರೆಗೆ ಸಲ್ಲುವುದಿಲ್ಲ. ಎಷ್ಟು ಚಿಕಿತ್ಸೆ ಬೇಕೆಂದು ಹೇಳುವವನು ಕ್ಲಬ್ಬಿನ ವೈದ್ಯ. ಹೆಸರಾಂತ ಆಟಗಾರರು ಚೌಕಾಶಿ ಮಾಡಿ ಖಾತರಿ ಹಣ ಬರೆಸಿಕೊಳ್ಳುತ್ತಾರೆ. ಸಾಮಾನ್ಯ ಆಟಗಾರನ ಕೈಯಲ್ಲಿ ನಾಲ್ಕು ವರ್ಷದ ಕಾಗದವಿದ್ದರೂ ಮಾಲಿಕನು ನಡುವೆಯೇ ಅವನನ್ನು ಕೈಬಿಡಬಹುದು. ಅವನಾದರೋ ಆ ಅವಧಿಯಲ್ಲಿ ಬೇರೆ ತಂಡಕ್ಕೆ ಹೋಗುವಂತಿಲ್ಲ!

ವ್ಯಾಪಾರಿ ಬಂಧುಗಳನ್ನು ನಾವು ಕೇಳುತ್ತೇವೆ: ನಾಲ್ಕು ವರ್ಷ ನೀವು ಬೇರೆಯವರಿಗೆ ಸರಕು ಕೊಡಕೂಡದು, ನಾನು ಮಾತ್ರ ಯಾವತ್ತು ಬೇಕಾದರೂ ಕೊಳ್ಳುವುದನ್ನು ನಿಲ್ಲಿಸಬಲ್ಲೆ ಎಂದು ಸಗಟು ಸಾಹುಕಾರನು ಬರೆದು ತಂದರೆ ನೀವು ರುಜು ಹಾಕುತ್ತೀರಾ? ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆಯೇಕೆ ಎಂಬ ಬುದ್ಧಿಯನ್ನೇ ಕರಾರೆಂದು ಬರೆದಂತಾಯಿತು.

ಆಟ ಕೆಲಸವಲ್ಲ, ಆಟಗಾರ ಕೂಲಿಯವನಲ್ಲ ಎಂಬ ವಾದ ಹಳೆಯದು. ಇಂಗ್ಲೆಂಡಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿಗೆ ಸಂಬಳಕ್ಕೆ ಆಡುತ್ತಿದ್ದ ವಾಕರ್ ಎಂಬಾತನಿಗೆ ಪಂದ್ಯದಲ್ಲಿ ಮಂಡಿಗೆ ಪೆಟ್ಟಾಯಿತು. ಆತ 1906ರ ಕಾರ್ಮಿಕ ಪರಿಹಾರ ಕಾಯಿದೆಯ ಮೇರೆಗೆ ಹಣ ಕೇಳಿದ. ಮೈದಾನದಲ್ಲಿ ಆತ ತನ್ನ ಸ್ವಂತ ಚಾತುರ್ಯದಿಂದ ಆಡುತ್ತಾನೆ, ನಮ್ಮ ಹತೋಟಿಯಲ್ಲಿಲ್ಲ, ಆದ್ದರಿಂದ ಕಾರ್ಮಿಕನಲ್ಲ ಎಂದಿತು ಕ್ಲಬ್ಬು. 1910ರ ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಹವ್ಯಾಸಿಗೆ ಅದು ವಿನೋದವಿರಬಹುದು. ಅದರಿಂದಲೇ ಹೊಟ್ಟೆ ಹೊರೆಯುವವನಿಗೆ ಅದು ದುಡಿಮೆಯೇ ಎಂಬುದು ಆ ತೀರ್ಪಿನ ಸಾರ. ನೇಕಾರನ ಕೈಚಳಕ ನೇಕಾರನದೇ. ಅಷ್ಟರಿಂದ ಆತ ಗಿರಣಿಯ ಆಳಲ್ಲ ಎನ್ನಲಾದೀತೆ?

ನ್ಯಾಯಾಲಯದಲ್ಲಿ ಸೋತ ವಾದ ಹೆಸರು ಬದಲಿಸಿಕೊಂಡು ಹಿಂಬಾಗಿಲಿನಿಂದ ಬರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದ ರೇ ಡೆನಿಸನ್ 1955ರಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಹೆಂಡತಿ ಪರಿಹಾರ ಕೇಳಿದಳು. ಫುಟ್‌ಬಾಲ್ ಕಾಲೇಜಿನ ಉದ್ಯಮವಲ್ಲ ಎಂದು 1957ರಲ್ಲಿ ಆ ರಾಜ್ಯದ ಶ್ರೇಷ್ಠ ನ್ಯಾಯಾಲಯ ಅವಳನ್ನು ಬರಿಗೈಯಲ್ಲಿ ಕಳಿಸಿತು. ಇಂಥ ಬೇಡಿಕೆಗಳ ಭಯದಿಂದಲೇ ಕಾಲೇಜು ಕ್ರೀಡಾ ಸಂಸ್ಥೆಯವರು ಆ ದಶಕದಲ್ಲಿ 'ವಿದ್ಯಾರ್ಥಿ-ಆಟಗಾರ' ಎಂಬ ಪದವನ್ನು ಕಟ್ಟಿದರೆಂದು ಅದರ ಮುಖ್ಯಸ್ಥನಾಗಿದ್ದ ವಾಲ್ಟರ್ ಬೈಯರ್ಸ್ ತಾನೇ 1995ರಲ್ಲಿ ಬರೆದುಕೊಂಡಿದ್ದಾನೆ. ಶಾಲೆಯಲ್ಲಿ ವ್ಯಾಕರಣ ಕಲಿಸಿದ ನಮಗೂ ಒಂದು ಸಮಾಸಪದಕ್ಕೆ ಇಷ್ಟು ಶಕ್ತಿಯಿದೆಯೆಂದು ತಿಳಿದಿರಲಿಲ್ಲ. ನಮ್ಮಲ್ಲಿ 'ಬದಲಿ', 'ಟ್ರೇನಿ', 'ಗುತ್ತಿಗೆ' ಎಂಬ ಮಾತುಗಳು ಯಾರ ಖರ್ಚನ್ನು ಉಳಿಸಲು ಹುಟ್ಟಿದವೆಂದು ಗಿರಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದೇನು? ಬೇಸ್‌ಬಾಲ್ ಆಟಗಾರರು 1966ರಲ್ಲಿ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞನಾಗಿದ್ದ ಮಾರ್ವಿನ್ ಮಿಲ್ಲರ್ ಎಂಬಾತನನ್ನು ತಮ್ಮ ಸಂಘಕ್ಕೆ ಕರೆತಂದರು. 1968ರ ಮೊದಲ ಸಾಮೂಹಿಕ ಒಪ್ಪಂದದಲ್ಲಿಯೇ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರಿನಿಂದ 10,000ಕ್ಕೆ ಏರಿತು. ಇಂದು ಆ ಆಟದ ದೊಡ್ಡ ಲೀಗಿನಲ್ಲಿ ಗಾಯಗೊಂಡವನಿಗೂ ಸಾಮಾನ್ಯವಾಗಿ ಕರಾರಿನ ಹಣ ಪೂರ್ತಿ ಸಲ್ಲುತ್ತದೆ. ಹೆಚ್ಚು ಮೂಳೆ ಮುರಿಯುವ ಫುಟ್‌ಬಾಲಿನಲ್ಲಿ ಸಂಘ ಹುಟ್ಟಿದ್ದು 1956ರಲ್ಲಾದರೂ, ಗಾಯಾಳುವಿಗೆ ಮರು ವರ್ಷದ ಸಂಬಳದಲ್ಲಿ ಒಂದು ಪಾಲು ಕೊಡಿಸಲು 1977ರ ಒಪ್ಪಂದದವರೆಗೆ ಹೋರಾಡಬೇಕಾಯಿತು. ಅಪಾಯ ಹೆಚ್ಚಿದ್ದ ಮಾತ್ರಕ್ಕೆ ಭದ್ರತೆ ಹೆಚ್ಚುವುದಿಲ್ಲ, ಒಗ್ಗಟ್ಟಿನಷ್ಟೇ ಭದ್ರತೆ.

ನಮ್ಮ ದೇಶದಲ್ಲೂ 2008ರಿಂದ ಕ್ರಿಕೆಟ್ಟಿನಲ್ಲಿ, 2014ರಿಂದ ಕಬಡ್ಡಿಯಲ್ಲಿ ಆಟಗಾರರ ಹರಾಜು ನಡೆಯುತ್ತಿದೆ. ಹರಾಜಿನ ಬೆಲೆ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ; ಮಂಡಿ ಮುರಿದವನ ಗತಿ ಬರುವುದಿಲ್ಲ. 'ಕೆಲಸದಿಂದ ಮತ್ತು ಕೆಲಸದ ವೇಳೆಯಲ್ಲಿ' ಆದ ಅಪಘಾತಕ್ಕೆ ಮಾಲಿಕನೇ ಹೊಣೆ ಎಂಬ ತತ್ವ ವಾಕರನ ಕಾಯಿದೆಯಲ್ಲಿತ್ತು. ನಮ್ಮ 1923ರ ಪರಿಹಾರ ಕಾಯಿದೆಯಲ್ಲೂ ಅದೇ ಇತ್ತು. ಅದೀಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಬೆರಳು ಕಳೆದುಕೊಂಡ ಗಿರಣಿಯಾಳಿಗೆ ಇರುವ ತತ್ವ ಮೈದಾನದಲ್ಲಿ ಮಂಡಿ ಕಳೆದುಕೊಂಡವನಿಗೂ ಇರಲಿ.

ನಮ್ಮ ಬೇಡಿಕೆ ಮೂರು. ಗಾಯದ ನೆಪದಲ್ಲಿ ಕರಾರಿನ ಅವಧಿಯನ್ನು ಮೊಟಕು ಮಾಡಕೂಡದು. ಗಾಯವನ್ನು ಅಳೆಯುವ ವೈದ್ಯನು ಮಾಲಿಕನ ಸಂಬಳದವನಾಗಿರಕೂಡದು. ಆಟ ಮುಗಿದ ಮೇಲೂ ಕಾಡುವ ಗಾಯದ ಚಿಕಿತ್ಸೆಯ ಖರ್ಚನ್ನು ಆ ಆಟದಿಂದ ಲಾಭ ಉಂಡವರು ಹೊರಬೇಕು.

ಲಕ್ಷ ಪಡೆಯುವವನಿಗೆ ಈ ರಕ್ಷಣೆ ಏಕೆಂದು ಇನ್ನೂ ಕೇಳುವವರಿಗೆ ನಮ್ಮ ಉತ್ತರ ಇಷ್ಟೆ: ಊರೆಲ್ಲ ಗುರುತು ಹಿಡಿಯುವ ಆಟಗಾರನನ್ನೇ ಮುರಿದ ಕಾಲಿಗಾಗಿ ಹೊರಹಾಕುವುದು ನ್ಯಾಯವೆಂದು ನಾವು ಒಪ್ಪಿಕೊಂಡರೆ, ನಾಳೆ ಹೆಸರಿಲ್ಲದ ಗುತ್ತಿಗೆಯಾಳನ್ನು ಹೊರಹಾಕುವಾಗ ಯಾವ ಬಾಯಿಂದ ಬೇಡವೆನ್ನೋಣ?