ಒಂದೇ ಚೌಕಟ್ಟಿನ ಗಣಕಯಂತ್ರ: ಮೊದಲ ತಿಂಗಳ ಮೆಚ್ಚುಗೆ, ಐದನೆಯ ವರ್ಷದ ಲೆಕ್ಕ

ಹೊಸ ಬೀಜ ಬಿತ್ತಿದ ಎಂಟು ದಿನಕ್ಕೆ ಮೊಳಕೆ ಚೆನ್ನಾಗಿ ಬಂದಿತೆಂದು ಯಾವ ರೈತನೂ ಆ ತಳಿಯನ್ನು ಹೊಗಳಿ ಮುಗಿಸುವುದಿಲ್ಲ. ತೆನೆ ಕಟ್ಟಬೇಕು, ಮಳೆ ಕೈಕೊಟ್ಟ ವರ್ಷವೂ ಅದು ನಿಲ್ಲಬೇಕು, ದನಕ್ಕೆ ಮೇವೂ ಸಿಗಬೇಕು. ಕೃಷಿ ವಿಶ್ವವಿದ್ಯಾಲಯಗಳು ಸಹ ಹಲವು ಹಂಗಾಮುಗಳಲ್ಲಿ, ಹಲವು ಸ್ಥಳಗಳಲ್ಲಿ ಪರೀಕ್ಷಿಸದೆ ತಳಿಯೊಂದನ್ನು ಬಿಡುಗಡೆ ಮಾಡುವುದಿಲ್ಲ. ಆದರೆ ಅದೇ ರೈತನ ಮನೆಗೆ ಗಣಕಯಂತ್ರ ಬಂದಾಗ ಮಾತ್ರ ತೀರ್ಪು ಮೊದಲ ವಾರದಲ್ಲೇ ಹೊರಬೀಳುತ್ತದೆ. ಪರದೆ ಮತ್ತು ಯಂತ್ರ ಒಂದೇ ಚೌಕಟ್ಟಿನಲ್ಲಿ ಅಡಗಿರುವ, ಮಾರುಕಟ್ಟೆಯಲ್ಲಿ ‘ಆಲ್-ಇನ್-ಒನ್’ ಎಂದು ಕರೆಯಲಾಗುವ ಗಣಕಗಳ ವಿಷಯದಲ್ಲಿ ಈ ಅವಸರ ಇನ್ನೂ ಹೆಚ್ಚು. ಅವುಗಳ ಅಂದವೆಲ್ಲ ಕೊಂಡ ದಿನವೇ ಕಣ್ಣಿಗೆ ಬೀಳುತ್ತದೆ. ತೊಡಕುಗಳೆಲ್ಲ ವರ್ಷಗಳ ನಂತರ ಒಂದೊಂದಾಗಿ ಹೊರಬರುತ್ತವೆ.

ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದು ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿರುವ ಲಕ್ಕಲಕಟ್ಟಿಯಂಥ ಊರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಚರ್ಚಿಸುವುದು ಉಚಿತ. ಗಣಕ ಈ ಸೀಮೆಗೆ ಹೊಸದಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳು ಗಣಕಕ್ಕೇರಿದವು. ಈ ಭಾಗದಲ್ಲಿ ‘ಉತಾರ’ ಎಂದು ಕರೆಯುವ ಕಾಗದಕ್ಕಾಗಿ ತಾಲ್ಲೂಕು ಕಚೇರಿಗೆ ಹೋದ ರೈತ ಮೊದಲ ಬಾರಿಗೆ ಕಂಡ ಗಣಕಕ್ಕೆ ಮೂರು ನಾಲ್ಕು ಅಂಗಗಳಿದ್ದವು. ಮೇಜಿನ ಮೇಲೊಂದು ದಪ್ಪ ಮಾನಿಟರು, ಕೆಳಗೊಂದು ಸಿಪಿಯು ಡಬ್ಬಿ, ಪಕ್ಕದಲ್ಲಿ ಯುಪಿಎಸ್, ಸುತ್ತಲೂ ವೈರುಗಳು. ನೋಡಲು ಚೆಂದವಿಲ್ಲದ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಒಂದು ಅಂಗ ಕೆಟ್ಟರೆ ಉಳಿದವು ಬದುಕಿರುತ್ತಿದ್ದವು.

ಒಂದೇ ಚೌಕಟ್ಟಿನ ಗಣಕವನ್ನು ಹೊಸದಾಗಿ ಕೊಂಡವರು ಹೇಳುವ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಮೇಜಿನ ಮೇಲೆ ಜಾಗ ಉಳಿಯುತ್ತದೆ. ಒಂದು ಪ್ಲಗ್ ಸಿಕ್ಕಿಸಿದರೆ ಕೆಲಸ ಆರಂಭ. ಪರದೆ ಅಗಲವಾದ್ದರಿಂದ ಹಿರಿಯರ ಕಣ್ಣಿಗೂ ಅಕ್ಷರ ನಿಲುಕುತ್ತದೆ, ಇಬ್ಬರು ಮಕ್ಕಳು ಒಟ್ಟಿಗೆ ಕುಳಿತು ಪಾಠ ನೋಡಬಹುದು. ಪೆಟ್ಟಿಗೆಯಿಂದ ತೆಗೆದೊಡನೆ ಕನ್ನಡ ಮೂಡುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಬರಹ, ನುಡಿ ತಂತ್ರಾಂಶಗಳನ್ನು ಬೇರೆಯಾಗಿ ಅಳವಡಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದೆ ಪಟ್ಟ ಪಾಡು ಯೂನಿಕೋಡಿನಿಂದಾಗಿ ಬಹುಮಟ್ಟಿಗೆ ತಪ್ಪಿದೆ. ವಿದ್ಯುತ್ತಿನ ಉಳಿತಾಯವೂ ಸುಳ್ಳಲ್ಲ. ಇಂಥ ಯಂತ್ರಗಳಲ್ಲಿ ಬಹುಪಾಲು ಲ್ಯಾಪ್‌ಟಾಪಿನ ಬಿಡಿಭಾಗಗಳೇ ಇರುತ್ತವೆ. ಸಾಧಾರಣ ಕೆಲಸಕ್ಕೆ ಅದು 50 ವ್ಯಾಟ್ ಬಳಸುತ್ತದೆ, ಡಬ್ಬಿ-ಮಾನಿಟರಿನ ಹಳೆಯ ಜೋಡಿ 110 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 6 ತಾಸಿನಂತೆ ವರ್ಷಕ್ಕೆ 300 ದಿನ ನಡೆಸಿದರೆ ಮೊದಲನೆಯದು 90 ಯೂನಿಟ್, ಎರಡನೆಯದು 198 ಯೂನಿಟ್. ಪರಿಸರದ ದೃಷ್ಟಿಯಿಂದ ಇದು ಸ್ವಾಗತಾರ್ಹ ಅಂತರವೇ ಸರಿ.

ಆದರೆ ಗಣಕಯಂತ್ರ ತಿನ್ನುವ ಶಕ್ತಿಯಲ್ಲಿ ಬಹುಪಾಲು ಮನೆಯ ಮೀಟರಿನಲ್ಲಿ ಕಾಣಿಸುವುದೇ ಇಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಾರ್ಹ. ಅಂದಿನ ಒಂದು ಗಣಕ ಮತ್ತು 17 ಇಂಚಿನ ಮಾನಿಟರ್ ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಹಾಗೂ 1,500 ಕಿಲೋ ನೀರು ಬೇಕಾಗುತ್ತಿತ್ತೆಂದು ಅದು ಲೆಕ್ಕ ಹಾಕಿತು. ಅಂದರೆ ಇಂಧನವೊಂದೇ ಯಂತ್ರದ ಸ್ವಂತ ತೂಕದ ಹತ್ತರಷ್ಟು. ಇಂದಿನ ಯಂತ್ರಗಳು ಹಗುರವಾಗಿವೆ, ಅಂಕಿಗಳು ಬದಲಾಗಿರುತ್ತವೆ. ಬಳಕೆಯ ವಿದ್ಯುತ್ತು ಕಡಿಮೆಯಾದಷ್ಟೂ ತಯಾರಿಕೆಯ ಪಾಲು ಹಿರಿದಾಗುತ್ತದೆ ಎಂಬ ತತ್ತ್ವ ಮಾತ್ರ ಬದಲಾಗಿಲ್ಲ. ಹಾಗಾಗಿ ಗಣಕವೊಂದು ಪರಿಸರಸ್ನೇಹಿಯೇ ಎಂಬ ಪ್ರಶ್ನೆಗೆ ಮುಖ್ಯ ಉತ್ತರ ಅದು ಎಷ್ಟು ವ್ಯಾಟ್ ಬಳಸುತ್ತದೆ ಎಂಬುದರಲ್ಲಿಲ್ಲ, ಎಷ್ಟು ವರ್ಷ ಬಾಳುತ್ತದೆ ಎಂಬುದರಲ್ಲಿದೆ. ಹತ್ತು ವರ್ಷ ನಡೆಯಬೇಕಾದ ಯಂತ್ರ ಐದೇ ವರ್ಷಕ್ಕೆ ಮೂಲೆ ಸೇರಿದರೆ ಉಳಿಸಿದ ವಿದ್ಯುತ್ತೆಲ್ಲ ಇನ್ನೊಂದು ಹೊಸ ಯಂತ್ರದ ತಯಾರಿಕೆಯಲ್ಲಿ ಕರಗಿಹೋಗುತ್ತದೆ.

ಬಾಳಿಕೆಯ ಈ ಪರೀಕ್ಷೆಯಲ್ಲೇ ಒಂದೇ ಚೌಕಟ್ಟಿನ ಗಣಕ ಸೋಲುವ ಸಂಭವ ಹೆಚ್ಚು. ಪರದೆ ಬಿರುಕು ಬಿಟ್ಟರೆ ಯಂತ್ರವೇ ಕುರುಡು. ಮದರ್‌ಬೋರ್ಡ್ ಸುಟ್ಟರೆ ನಿಚ್ಚಳವಾಗಿರುವ ಪರದೆಯೂ ನಿರುಪಯುಕ್ತ. ಬೇರೆ ಗಣಕದ ವೈರು ಸಿಕ್ಕಿಸಿ ಆ ಪರದೆಯನ್ನಾದರೂ ಬಳಸೋಣವೆಂದರೆ ಹಲವು ಮಾದರಿಗಳಲ್ಲಿ ಹೊರಗಿನ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಕಿಂಡಿಯೇ ಇಲ್ಲ. ಆಪಲ್ ಕಂಪನಿಯ ಐಮ್ಯಾಕ್ ಇದಕ್ಕೆ ಒಳ್ಳೆಯ ಉದಾಹರಣೆ. 2009ರ ಕೊನೆಯಿಂದ 2014ರವರೆಗಿನ ಹಲವು ಐಮ್ಯಾಕ್‌ಗಳನ್ನು ಬೇರೊಂದು ಗಣಕದ ಪರದೆಯಾಗಿ ಬಳಸಬಹುದಿತ್ತು. ನಂತರದ ಮಾದರಿಗಳಲ್ಲಿ ಆ ಅನುಕೂಲವನ್ನು ಕೈಬಿಡಲಾಯಿತು. 2021ರಲ್ಲಿ ಬಂದ ಐಮ್ಯಾಕ್ ಕೇವಲ 11.5 ಮಿಲಿಮೀಟರ್ ದಪ್ಪವಿದ್ದು ಕೊಂಡವರ ಮನ ಗೆದ್ದಿತು. ಅದರೊಳಗಿನ ಮೆಮೊರಿ ಬೆಸುಗೆಗೊಂಡಿದ್ದು, ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ತೆಳುವಾಗಬೇಕೆಂಬ ಹಟಕ್ಕೆ ತೆತ್ತ ಬೆಲೆ ಅದು. ಎಲ್ಲ ಕಂಪನಿಗಳೂ ಹೀಗೆಯೇ ಎನ್ನಲಾಗದು. ಹಿಂಬದಿಯ ಮುಚ್ಚಳ ಬಿಚ್ಚಿ ಮೆಮೊರಿ, ಡಿಸ್ಕ್ ಬದಲಿಸಬಹುದಾದ ಮಾದರಿಗಳೂ ಇವೆ. ಆದರೆ ಕೊಳ್ಳುವವರಲ್ಲಿ ಎಷ್ಟು ಮಂದಿ ಮುಚ್ಚಳ ಬಿಚ್ಚುತ್ತದೆಯೇ ಎಂದು ಕೇಳಿಯಾರು?

ನಗರದ ಹವಾನಿಯಂತ್ರಿತ ಕೊಠಡಿಯಲ್ಲಿ ಈ ದೋಷಗಳು ಅಷ್ಟಾಗಿ ಬಾಧಿಸಲಿಕ್ಕಿಲ್ಲ. ಗಜೇಂದ್ರಗಡದ ಸೀಮೆ ಹಾಗಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಲು ಕಾರಣವಾದ ಗಾಳಿಯೇ ಬೇಸಿಗೆಯಲ್ಲಿ ಹೊಲದ ಮಣ್ಣನ್ನೂ ಹೊತ್ತು ತರುತ್ತದೆ. ಇಕ್ಕಟ್ಟಾದ ಚೌಕಟ್ಟಿನೊಳಗಿನ ಸಣ್ಣ ಫ್ಯಾನು ಆ ದೂಳು ಕುಡಿದು ಕಟ್ಟಿಕೊಂಡರೆ ಶಾಖ ಹೊರಹೋಗದು. ಪರದೆಯ ಶಾಖವೂ ಅದೇ ಜಾಗದಲ್ಲಿ ಸೇರುತ್ತದೆ. ಡಬ್ಬಿಯ ಗಣಕವಾದರೆ ನಾಲ್ಕು ತಿರುಪು ಬಿಚ್ಚಿ ದೂಳು ಊದಬಹುದು. ಅಂಟಿನಿಂದ ಮುಚ್ಚಿದ ಚೌಕಟ್ಟನ್ನು ಬಿಚ್ಚಲು ಕುಶಲ ಕೈ ಬೇಕು. ಇನ್ನು ಹಳ್ಳಿಯ ವಿದ್ಯುತ್ ಮಾರ್ಗಗಳ ವೋಲ್ಟೇಜ್ ಏರಿಳಿತ ಯಾರಿಗೂ ಹೊಸದಲ್ಲ. ಲ್ಯಾಪ್‌ಟಾಪಿಗಾದರೆ ತನ್ನದೇ ಬ್ಯಾಟರಿಯ ಆಸರೆಯಿದೆ. ಇದಕ್ಕೆ ಸಾಮಾನ್ಯವಾಗಿ ಅದಿಲ್ಲ. ‘ಒಂದೇ ವೈರು ಸಾಕು’ ಎಂಬ ಹೊಗಳಿಕೆಯ ಹಿಂದೆಯೇ ಯುಪಿಎಸ್ ಎಂಬ ಎರಡನೆಯ ಪೆಟ್ಟಿಗೆಯೂ, ಅದರೊಳಗೆ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದ ಸೀಸದ ಬ್ಯಾಟರಿಯೂ ಮನೆಗೆ ಬರುತ್ತವೆ.

ಒಕ್ಕಲುತನದ ಸಲಕರಣೆಗಳಲ್ಲಿ ಒಂದು ವಿವೇಕವಿದೆ. ಕುಂಟೆಯ ಕುಡ ಸವೆದರೆ ಕಮ್ಮಾರ ಅದನ್ನು ಕಾಸಿ ಬಡಿದು ಕೊಡುತ್ತಾನೆ. ಕೂರಿಗೆಯ ಒಂದು ನಳಿಕೆ ಸೀಳಿದರೆ ಬಡಿಗ ಅದೊಂದನ್ನೇ ಬದಲಿಸುತ್ತಾನೆ. ಒಂದು ಭಾಗ ಮುರಿಯಿತೆಂದು ಇಡೀ ಕೂರಿಗೆಯನ್ನು ಒಲೆಗೆ ಹಾಕುವವರಿಲ್ಲ. ಕೆಟ್ಟಿದ್ದನ್ನು ಊರಲ್ಲೇ ಸರಿಪಡಿಸುವ ಈ ವ್ಯವಸ್ಥೆಯಿಂದ ರೈತನ ಹಣ ಉಳಿಯುತ್ತಿತ್ತು, ಕಮ್ಮಾರ-ಬಡಿಗರ ಬದುಕು ನಡೆಯುತ್ತಿತ್ತು, ತಿಪ್ಪೆಗೆ ಹೋಗುವುದು ಕಡಿಮೆಯಿರುತ್ತಿತ್ತು. ಇಂದು ತಾಲ್ಲೂಕು ಕೇಂದ್ರಗಳಲ್ಲಿ ಗಣಕ, ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇಟ್ಟ ತರುಣರು ಆ ಕಮ್ಮಾರ-ಬಡಿಗರ ವಾರಸುದಾರರು. ಬಿಚ್ಚಲಾಗದ ಯಂತ್ರ ಬಂದಾಗ ಮೊದಲು ಕೈಕಟ್ಟುವುದು ಅವರದು. ಯಂತ್ರ ಕಂಪನಿಯ ಸೇವಾ ಕೇಂದ್ರವಿರುವ ದೂರದ ನಗರಕ್ಕೆ ಹೋಗಬೇಕು, ಬಿಡಿಭಾಗಕ್ಕಾಗಿ ಕಾಯಬೇಕು. ಸಾಲ ಮಾಡಿ ಗ್ರಾಮ ಒನ್ ಕೇಂದ್ರ ತೆರೆದ ಯುವಕನಿಗೆ ಅಷ್ಟು ದಿನ ಆದಾಯವಿಲ್ಲ, ಬೆಳೆ ವಿಮೆಯ ಅರ್ಜಿ ಹಿಡಿದು ಬಂದ ರೈತನಿಗೆ ಕೊನೆಯ ದಿನಾಂಕ ಕಾಯುವುದಿಲ್ಲ.

ಯಂತ್ರ ಕೆಡದಿದ್ದರೂ ಅದನ್ನು ಮುದಿಯಾಗಿಸುವ ಇನ್ನೊಂದು ದಾರಿಯಿದೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ನಿಯಮಿತ ಬೆಂಬಲವನ್ನು ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಡಬ್ಬಿಯ ಗಣಕವಿದ್ದವರು ಡಬ್ಬಿಯನ್ನಷ್ಟೇ ಬದಲಿಸಿ ಮಾನಿಟರ್ ಉಳಿಸಿಕೊಳ್ಳಬಹುದು. ಒಂದೇ ಚೌಕಟ್ಟಿನವರು ಹೊಳೆಯುವ ಪರದೆಯನ್ನೂ ಸೇರಿಸಿ ಎಸೆಯಬೇಕು, ಇಲ್ಲವೇ ಲಿನಕ್ಸ್‌ನಂಥ ಮುಕ್ತ ತಂತ್ರಾಂಶಕ್ಕೆ ಬದಲಾಗಬೇಕು. ಎರಡನೆಯ ದಾರಿ ಉತ್ತಮವಾದುದು. ಅದನ್ನು ಹಳ್ಳಿಗೆ ತಲುಪಿಸುವ ಕೆಲಸವನ್ನು ಶಾಲೆ-ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ದಾಖಲಾಗಿರುವುದು ಶೇ. 22.3 ಮಾತ್ರ. ಕರ್ನಾಟಕದಲ್ಲಿ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಎಂಬ ಮರುಬಳಕೆ ಘಟಕ 2005ರಷ್ಟು ಹಿಂದೆಯೇ ಆರಂಭವಾಯಿತು. ಆದರೆ ಲಕ್ಕಲಕಟ್ಟಿಯಿಂದ ದಾಬಸ್‌ಪೇಟೆಗೆ ದಾರಿ ದೂರ. ನಡುವೆ ನಿಲ್ಲುವವನು ಮೋಡ್ಕಾ ವ್ಯಾಪಾರಿ. ತಾಮ್ರಕ್ಕಾಗಿ ವೈರು ಸುಡುವ ಹೊಗೆಯನ್ನು ಮೊದಲು ಸೇವಿಸುವವನೂ ಅವನೇ. ಬೆಸುಗೆಯ ಸೀಸ, ಹಳೆಯ ಪರದೆಗಳ ಪಾದರಸ ಕೊನೆಗೆ ಸೇರುವುದು ಹಳ್ಳ-ಹೊಲಗಳನ್ನು.

ಕಾನೂನು ಇಲ್ಲವೆಂದಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರಿಗೆ ಮರುಬಳಕೆಯ ಗುರಿ ನಿಗದಿ ಮಾಡಿವೆ: ಮೊದಲೆರಡು ವರ್ಷ ಶೇ. 60, ಮುಂದಿನ ಎರಡು ವರ್ಷ ಶೇ. 70, 2027-28ರಿಂದ ಶೇ. 80. ಆದರೆ ಈ ಗುರಿಗಳೆಲ್ಲ ಯಂತ್ರ ಸತ್ತ ನಂತರದವು. ಸಾಯದಂತೆ ವಿನ್ಯಾಸ ಮಾಡಿದವನಿಗೆ ಅವು ಕೊಡುವ ಪ್ರೋತ್ಸಾಹ ಅಲ್ಪ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಆ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಸಲಕರಣೆಗಳೂ ಇವೆಯೆಂಬುದು ಗಮನಾರ್ಹ. ಟ್ರ್ಯಾಕ್ಟರ್ ಆಗಲಿ, ಗಣಕವಾಗಲಿ, ಕೊಂಡವನಿಗೆ ಅದನ್ನು ಬಿಚ್ಚುವ ಹಕ್ಕಿಲ್ಲದಿದ್ದರೆ ಒಡೆತನ ಅರ್ಧವೇ. ಕೇವಲ ಮಾಹಿತಿ ನೀಡುವ ಜಾಲತಾಣದಿಂದ ಆ ಹಕ್ಕು ಸಿದ್ಧಿಸುವುದಿಲ್ಲ.

ಪರ್ಯಾಯಗಳು ಕಣ್ಣೆದುರಿಗಿವೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ‘ಕಿಯೋ’ ಎಂಬ ಅಗ್ಗದ ಗಣಕವನ್ನು ಪರಿಚಯಿಸಿತು. ಅದು ಮುಕ್ತ ತಂತ್ರಾಂಶದಿಂದ ನಡೆಯುವ ಪುಟ್ಟ ಪೆಟ್ಟಿಗೆ. ಪರದೆಯನ್ನು ಹೊರಗಿನಿಂದ ಜೋಡಿಸಬೇಕು. ಅದರ ಬಾಳಿಕೆಯನ್ನೂ ಕಾಲವೇ ಹೇಳಬೇಕು, ಅದಕ್ಕೂ ಮೊದಲ ವಾರದ ತೀರ್ಪು ಸಲ್ಲದು. ಆದರೆ ಪರದೆ ಬೇರೆ, ಯಂತ್ರ ಬೇರೆ ಎಂಬ ಅದರ ತತ್ತ್ವ ಹಳ್ಳಿಗೆ ಹೊಂದುವಂಥದು. ಮನೆಯಲ್ಲಿರುವ ಟಿ.ವಿ.ಯೋ ಹಳೆಯ ಮಾನಿಟರೋ ಇನ್ನಷ್ಟು ವರ್ಷ ಬದುಕುತ್ತದೆ.

ಒಂದೇ ಚೌಕಟ್ಟಿನ ಗಣಕ ಕೊಳ್ಳಲೇಬಾರದೆಂಬುದು ಈ ಲೇಖನದ ವಾದವಲ್ಲ. ಕೊಳ್ಳುವ ಮುನ್ನ ಐದು ಪ್ರಶ್ನೆಗಳನ್ನಾದರೂ ಅಂಗಡಿಯವರ ಮುಂದಿಡಬೇಕು. ಮೆಮೊರಿ, ಡಿಸ್ಕ್ ಬದಲಿಸಬಹುದೇ? ಯಂತ್ರ ಕೆಟ್ಟ ಮೇಲೆ ಪರದೆಯನ್ನು ಬೇರೆ ಗಣಕಕ್ಕೆ ಬಳಸಬಹುದೇ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ರಿಪೇರಿಯವರು ಊರಿಗೆ ಬರುತ್ತಾರೆಯೇ? ಹಳೆಯ ಯಂತ್ರವನ್ನು ಕಂಪನಿ ಮರಳಿ ಪಡೆಯುತ್ತದೆಯೇ? ಒಬ್ಬ ಗ್ರಾಹಕ ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾಗಬಹುದು. ಗ್ರಾಮ ಪಂಚಾಯಿತಿ, ಪ್ರೌಢಶಾಲೆ, ಸಹಕಾರ ಸಂಘಗಳು ತಮ್ಮ ಟೆಂಡರ್ ಷರತ್ತಿನಲ್ಲೇ ಇವನ್ನು ಬರೆದರೆ ಉತ್ತರ ಕೊಡದೆ ಮಾರಾಟ ನಡೆಯದು. ಸಾರ್ವಜನಿಕರ ಹಣದಿಂದ ಕೊಳ್ಳುವ ಪ್ರತಿ ಯಂತ್ರಕ್ಕೂ ಈ ಷರತ್ತು ಕಡ್ಡಾಯವಾಗಬೇಕು. ಜೊತೆಗೆ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ವಿದ್ಯುನ್ಮಾನ ತ್ಯಾಜ್ಯ ಒಪ್ಪಿಸಲು ಒಂದು ನಿಶ್ಚಿತ ಸ್ಥಳವಿರಬೇಕು, ರಿಪೇರಿಯ ತರುಣರಿಗೆ ತರಬೇತಿ ಮತ್ತು ಬಿಡಿಭಾಗ ದೊರೆಯಬೇಕು.

ಬರುವ ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ಮಂಡಿಸಿ ಠರಾವಿಗೆ ಸೇರಿಸುವುದು ಕಷ್ಟದ ಕೆಲಸವೇನಲ್ಲ. ಅದಕ್ಕೂ ಮುನ್ನ ಶಾಲೆ, ಪಂಚಾಯಿತಿಗಳ ಕೋಣೆಗಳಲ್ಲಿ ಬಟ್ಟೆ ಹೊದ್ದು ಕುಳಿತಿರುವ ಹಳೆಯ ಗಣಕಗಳನ್ನು ಎಣಿಸಿ, ಯಾವ ಅಂಗ ಕೆಟ್ಟು ಯಾವುದು ಇನ್ನೂ ಬದುಕಿದೆ ಎಂದು ಪಟ್ಟಿ ಮಾಡಲಿ. ಹೊಸತನ್ನು ಕೊಳ್ಳುವವರಿಗೆ ಆ ಪಟ್ಟಿಗಿಂತ ಒಳ್ಳೆಯ ಮಾರ್ಗದರ್ಶಿ ಬೇರೆಲ್ಲೂ ಸಿಗದು.