ಕಿಡ್ನಿ ಕೊಟ್ಟವರಿಗೂ ಒಂದು ಬಾಣಂತನ ಬೇಕು

ಹೆಂಡತಿಗೆ ಕಿಡ್ನಿ ಕೊಟ್ಟ ಗಂಡ ಎಂದು ನಮ್ಮ ಬಡಾವಣೆಯ ಸಂಘದವರು ರಾಜ್ಯೋತ್ಸವದ ದಿನ ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರೊಬ್ಬರು ನನ್ನನ್ನು ಶಿಬಿ ಚಕ್ರವರ್ತಿಯ ಸಾಲಿಗೆ ಸೇರಿಸಿದರು. ನಾನು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು. ಮೊಳೆ, ಚಿಲಕ, ಪಿವಿಸಿ ಪೈಪು ಮಾರುವವನಿಗೆ ಪುಕ್ಕಟೆ ಚಕ್ರವರ್ತಿ ಪದವಿ ಬಂದರೆ ಬೇಡ ಎನ್ನುವುದೂ ಕಷ್ಟವೇ.

ಆದರೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನಾನು ಮಲಗಿದ್ದ ದಿನಗಳಲ್ಲಿ ಅಲ್ಲಿ ಕಿಡ್ನಿ ಕೊಟ್ಟಿದ್ದ ಉಳಿದವರೆಲ್ಲ ಹೆಂಗಸರು. ಮಗನಿಗೆ ಕೊಟ್ಟ ತಾಯಿ, ಗಂಡನಿಗೆ ಕೊಟ್ಟ ಹೆಂಡತಿ, ತಮ್ಮನಿಗೆ ಕೊಟ್ಟ ಅಕ್ಕ. ಅವರಲ್ಲಿ ಯಾರ ಊರಿನಲ್ಲೂ ಪೇಟ ತರಿಸಿದ ಸುದ್ದಿ ಇಲ್ಲ. ತಾಯಿ ಅಂದಮೇಲೆ ಕೊಡದೆ ಇರುತ್ತಾಳೆಯೇ ಎಂಬಷ್ಟಕ್ಕೆ ಎಲ್ಲರ ಮಾತು ಮುಗಿದಿತ್ತು. ಇದು ಆ ಒಂದು ವಾರ್ಡಿನ ಕಥೆಯಲ್ಲ. ಕೇಂದ್ರ ಸರ್ಕಾರದ ಅಂಗಾಂಗ ಕಸಿ ಸಂಸ್ಥೆ ನೋಟೊ ಕೊಟ್ಟ ಲೆಕ್ಕದ ಪ್ರಕಾರ 2019ರಿಂದ 2023ರವರೆಗೆ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಟ್ಟ 56,509 ಮಂದಿಯಲ್ಲಿ 36,038 ಮಂದಿ ಹೆಂಗಸರು. ಪಡೆದವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಗಂಡಸರು. ಇದು ಕಿಡ್ನಿ, ಲಿವರ್ ಎರಡೂ ಸೇರಿದ ಲೆಕ್ಕ. ಕೊಡುವ ಕೈ ಯಾರದು, ಪಡೆಯುವ ಕೈ ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ.

ಸನ್ಮಾನದ ವಿಚಾರ ಬಿಡಿ. ನನ್ನ ತಕರಾರು ಬೇರೆ. ಕಿಡ್ನಿ ಕೊಡುವವರನ್ನು ನಾವು ಮೊದಲು ದೇವರು ಮಾಡುತ್ತೇವೆ, ಆಪರೇಷನ್ ಆದ ಮೇಲೆ ಮರೆತುಬಿಡುತ್ತೇವೆ. ಈ ಎರಡರ ನಡುವೆ ಅವರು ಒಬ್ಬ ರೋಗಿ ಆಗಿರುತ್ತಾರೆ ಎನ್ನುವುದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ಬಿಪಿ ಇದೆ ಎಂದು ತಿಳಿಯುವ ಹೊತ್ತಿಗೆ ಇವಳ ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಅದರ ಸೂಜಿ ಚುಚ್ಚಲು ಕೈಯಲ್ಲಿ ಫಿಸ್ಟುಲಾ, ಕುಡಿಯುವ ನೀರಿಗೂ ಅಳತೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಭಾಮೈದನಿಗೆ ಕಿಡ್ನಿಯಲ್ಲಿ ಕಲ್ಲು. ಇವಳದು ಬಿ ಗುಂಪು, ನನ್ನದು ಓ. ನಾನೇ ಮುಂದೆ ಬಂದೆ. ಅದರಲ್ಲಿ ತ್ಯಾಗ ಎಷ್ಟಿತ್ತೋ, ಹಗಲು ರಾತ್ರಿ ಅವಳು ನರಳುವುದನ್ನು ನೋಡಲಾಗದ ಸ್ವಾರ್ಥವೂ ಅಷ್ಟೇ ಇತ್ತು.

ಪರೀಕ್ಷೆಗಳು ಶುರುವಾದಾಗ ಒಂದು ವಿಷಯ ಹೊಳೆಯಿತು. ಇಷ್ಟು ಕೂಲಂಕಷವಾಗಿ ನನ್ನ ದೇಹವನ್ನು ಈ ಜನ್ಮದಲ್ಲಿ ಯಾರೂ ನೋಡಿರಲಿಲ್ಲ. ರಕ್ತ, ಇಸಿಜಿ, ಎಕೋ, ಎದೆಯ ಎಕ್ಸ್‌ರೇ, ಸಕ್ಕರೆ ನೀರು ಕುಡಿಸಿ ಗ್ಲೂಕೋಸ್ ಪರೀಕ್ಷೆ. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು. ಅಂಗಡಿಯಲ್ಲಿ ಟರ್ಪೆಂಟೈನ್ ಕ್ಯಾನುಗಳ ಪಕ್ಕ ಅದನ್ನು ಇಟ್ಟುಕೊಂಡು, ಕೆಲಸದ ಹುಡುಗ ಮುಟ್ಟದ ಹಾಗೆ ಕಾಯುವುದೇ ಒಂದು ಉದ್ಯೋಗವಾಯಿತು. ಹೆಂಗಸರಿಗಾದರೆ ಸ್ತನದ ಮ್ಯಾಮೊಗ್ರಾಂ, ಗರ್ಭಕೋಶದ ಬಾಯಿಯ ಪರೀಕ್ಷೆಯೂ ಉಂಟು. ಡಿಟಿಪಿಎ ಎಂಬ ಸ್ಕ್ಯಾನ್ ಮಾಡಿ ಎರಡು ಕಿಡ್ನಿಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುತ್ತಾರೆ. ಸಿಟಿ ಆಂಜಿಯೋಗ್ರಾಂನಲ್ಲಿ ರಕ್ತನಾಳಗಳ ನಕ್ಷೆ ಸಿಗುತ್ತದೆ. ಎರಡರಲ್ಲಿ ವ್ಯತ್ಯಾಸ ಕಂಡರೆ ಚೆನ್ನಾಗಿರುವುದು ಕೊಡುವವರಲ್ಲೇ ಉಳಿಯಬೇಕು, ಅದೇ ನಿಯಮ. ಎರಡೂ ಸಮವಾಗಿದ್ದರೆ ಸಾಮಾನ್ಯವಾಗಿ ಎಡಗಡೆಯದನ್ನು ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ, ಜೋಡಿಸಲು ಸಲೀಸು. ನನ್ನದೂ ಎಡಗಡೆಯದೇ ಹೋಯಿತು.

ಕಾಗದಪತ್ರದ್ದು ಇನ್ನೊಂದು ಯಜ್ಞ. 1994ರ ಅಂಗಾಂಗ ಕಸಿ ಕಾಯ್ದೆ ಬಂದದ್ದೇ ಕಿಡ್ನಿ ಮಾರಾಟ ತಡೆಯಲು. ಹಾಗಾಗಿ ಲಗ್ನಪತ್ರಿಕೆ, ಮದುವೆಯ ಫೋಟೊ, ಆಧಾರ್, ರೇಷನ್ ಕಾರ್ಡು, ವಂಶವೃಕ್ಷ ಎಲ್ಲ ಕೇಳುತ್ತಾರೆ. ಕೇಳಲಿ, ಬೇಸರವಿಲ್ಲ. ಕ್ಯಾಮೆರಾ ಮುಂದೆ ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ದುಡ್ಡಿನ ವ್ಯವಹಾರ ಇದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ನನಗೆ ಆ ಉತ್ತರ ಸುಲಭ. ಅಂಗಡಿ ನನ್ನದು, ಮನೆ ನನ್ನ ಹೆಸರಿನಲ್ಲಿದೆ, ಕೊಡುವುದಿಲ್ಲ ಎಂದಿದ್ದರೆ ನನ್ನನ್ನು ಯಾರೂ ತವರಿಗೆ ಅಟ್ಟುತ್ತಿರಲಿಲ್ಲ.

ಅದೇ ಪ್ರಶ್ನೆಯನ್ನು ಗಂಡನಿಗೆ ಕೊಡಲು ಬಂದ ಸೊಸೆಗೆ ಕೇಳಿ, ಬಾಗಿಲಾಚೆ ಅತ್ತೆ ಕೂತಿದ್ದರೆ ಅವಳು ಏನೆಂದಾಳು? ಕಾನೂನಿಗೆ ಈ ಸೂಕ್ಷ್ಮ ಗೊತ್ತಿದೆ. 2014ರ ನಿಯಮಗಳಲ್ಲಿ, ಕೊಡುವವರು ಹೆಣ್ಣಾದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದಿದೆ. ಹಾಳೆಯಲ್ಲಿರುವುದು ಬದುಕಿಗೆ ಇಳಿಯಬೇಕಾದರೆ ಅವಳೊಂದಿಗೆ ಒಂಟಿಯಾಗಿ, ಅವಳ ಭಾಷೆಯಲ್ಲಿ, ಒಂದಲ್ಲ ಎರಡು ಸಲ ಮಾತಾಡಬೇಕು. ಮನಸ್ಸಿಲ್ಲ ಎಂದವಳನ್ನು ವೈದ್ಯರು ‘ಪರೀಕ್ಷೆಯಲ್ಲಿ ಹೊಂದಲಿಲ್ಲ’ ಎಂದಷ್ಟೇ ಹೇಳಿ ಮನೆಗೆ ಕಳಿಸಿಬಿಡಬಹುದು, ಒಳಗಿನ ಕಾರಣ ಮನೆಯವರಿಗೆ ತಿಳಿಯಬೇಕಿಲ್ಲ. ಹಾಗೆ ಮಾಡುವ ವೈದ್ಯರು ಇದ್ದಾರೆ. ಈ ದಾರಿ ಇದೆ ಎನ್ನುವುದು ಕೊಡಲು ಬಂದ ಪ್ರತಿಯೊಬ್ಬ ಹೆಣ್ಣಿಗೂ ಮೊದಲ ದಿನವೇ ಗೊತ್ತಾಗಬೇಕು.

ಇನ್ನು ಆಪರೇಷನ್. ಮೊದಲೆಲ್ಲ ಪಕ್ಕೆ ಸೀಳಿ ತೆಗೆಯುತ್ತಿದ್ದರು, ಕೆಲವೊಮ್ಮೆ ಪಕ್ಕೆಲುಬಿನ ತುಂಡೂ ಹೋಗುತ್ತಿತ್ತು. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲ್ಯಾಪರೊಸ್ಕೋಪಿಯಿಂದ ತೆಗೆದ ಮೇಲೆ ನೋವು ಬಹಳ ತಗ್ಗಿತು. ಹೊಟ್ಟೆಯ ಮೇಲೆ ಮೂರ್ನಾಲ್ಕು ಸಣ್ಣ ತೂತು, ಕಿಡ್ನಿ ಹೊರತೆಗೆಯಲು ಕೆಳಹೊಟ್ಟೆಯಲ್ಲಿ ಸಿಸೇರಿಯನ್ ಆದವರಿಗೆ ಇರುವಂಥ ಒಂದು ಗೆರೆ.

ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚು ನೊಂದದ್ದು ಭುಜ. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸಿನ ಉಳಿಕೆ ಭುಜದಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದಂತೆ. ಮರುದಿನವೇ ಎಬ್ಬಿಸಿ ನಡೆಸಿದರು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯನ್ನು ಬಾಯಿಗಿಟ್ಟು ಉಸಿರೆಳೆದು ಚೆಂಡು ಏರಿಸಬೇಕು, ಇಲ್ಲದಿದ್ದರೆ ಕಫ ಕಟ್ಟುತ್ತದೆ. ಮಲಬದ್ಧತೆಯ ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಮನೆಗೆ ಬಂದ ಮೇಲೆ ನೋವಿಗಿಂತ ಆಯಾಸ ದೊಡ್ಡದು. ಸ್ನಾನ ಮಾಡಿ ಬಂದರೆ ಮಲಗಬೇಕು, ಮೊಮ್ಮಗಳು ಓಡಿಬಂದರೆ ಎತ್ತಿಕೊಳ್ಳುವ ಹಾಗಿಲ್ಲ. ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಸಿಮೆಂಟ್ ಮೂಟೆಯ ತೂಕ ಐವತ್ತು ಕಿಲೋ.

ವಿಚಿತ್ರವೆಂದರೆ, ಕಿಡ್ನಿ ಪಡೆದವರು ದಿನದಿನಕ್ಕೆ ಚೇತರಿಸಿಕೊಳ್ಳುತ್ತಾರೆ, ಕೊಟ್ಟವರು ಬಾಡುತ್ತಾರೆ. ವರ್ಷಗಳ ವಿಷ ಮೈಯಿಂದ ಇಳಿದು ಇವಳ ಮುಖಕ್ಕೆ ಬಣ್ಣ ಬಂತು. ಗಟ್ಟಿಮುಟ್ಟಾಗಿ ಆಸ್ಪತ್ರೆ ಹೊಕ್ಕ ನಾನು ಗೋಡೆ ಹಿಡಿದು ಬಂದೆ. ಬಂದವರೆಲ್ಲ ಇವಳಿಗೆ ಎಷ್ಟು ಲೀಟರ್ ಮೂತ್ರ ಬಂತು ಎಂದು ಕೇಳುವವರೇ. ನನಗೆ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುತ್ತಿತ್ತು. ಕೊಟ್ಟದ್ದಕ್ಕೆ ಪಶ್ಚಾತ್ತಾಪವಲ್ಲ ಅದು. ದಾನಿಗಳಲ್ಲಿ ಇದು ಅಪರೂಪವೇನಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಸಮಾಧಾನವಾಯಿತು.

ಆದರೂ ನನಗೆ ಆಳು ಇದ್ದರು. ಚಿತ್ರದುರ್ಗದಿಂದ ಅಕ್ಕ ಬಂದು ಅಡುಗೆಮನೆ ಹಿಡಿದಳು, ಅಣ್ಣನ ಮಗ ಅಂಗಡಿ ಹಿಡಿದ. ಗಂಡಸು ನೋಡಿ, ಮಲಗಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದ ಹೆಂಗಸು ನನಗಿಂತ ಒಂದು ದಿನ ಮೊದಲು ಗಂಡನಿಗೆ ಕಿಡ್ನಿ ಕೊಟ್ಟಿದ್ದರು. ತಪಾಸಣೆಗೆ ಹೋದಾಗ ಮತ್ತೆ ಸಿಕ್ಕರು. “ಹೊಲಿಗೆ ಜಾಗ ಎಳೀತದೆ ಅಣ್ಣಾ, ಅವರಿಗೆ ಕಾಯಿಸಿದ ನೀರು, ಬಿಸಿ ಊಟ ಹೊತ್ತುಹೊತ್ತಿಗೆ ಆಗ್ಬೇಕಲ್ಲ” ಎಂದರು. ಕೊಟ್ಟವರೂ ಅವರೇ, ಶುಶ್ರೂಷೆ ಮಾಡುವವರೂ ಅವರೇ. ಬಿಂದಿಗೆ ಎತ್ತಿದ್ದೀರಾ ಎಂದು ಕೇಳಿದೆ. ನಕ್ಕರು.

ನಮ್ಮಲ್ಲಿ ಹೆತ್ತವಳಿಗೆ ಬಾಣಂತನ ಎಂಬುದಿದೆ. ಬಿಸಿನೀರು ಕಾಯಿಸುವವರು ಯಾರು, ಪಥ್ಯ ಮಾಡುವವರು ಯಾರು, ಎಷ್ಟು ದಿನ ತವರು ಎಲ್ಲವೂ ಹೆರಿಗೆಗೆ ಮೊದಲೇ ನಿಕ್ಕಿಯಾಗಿರುತ್ತದೆ. ಅಷ್ಟು ದಿನ ಅವಳು ಬಿಂದಿಗೆ ಮುಟ್ಟಿದರೆ ಓಣಿಯ ಅಜ್ಜಿಯರೇ ಗದರುತ್ತಾರೆ. ಕಿಡ್ನಿ ಕೊಟ್ಟವರಿಗೆ ಅಂಥ ಕಟ್ಟುಪಾಡು ಇನ್ನೂ ಹುಟ್ಟಿಲ್ಲ. ನಾವೇ ಹುಟ್ಟಿಸಬೇಕು.

ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ತನ್ನ ಅವಳಿ ಸೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್, ಉಳಿದ ಒಂದರಲ್ಲೇ 2010ರವರೆಗೆ ಬದುಕಿದರು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಉಳಿದ ಕಿಡ್ನಿ ಹಿಗ್ಗಿ ಹೆಚ್ಚಿನ ಹೊರೆ ಹೊರುತ್ತದೆ, ಮೊದಲಿದ್ದ ಒಟ್ಟು ಶಕ್ತಿಯ ನೂರಕ್ಕೆ ಎಪ್ಪತ್ತರಷ್ಟು ಉಳಿಯುತ್ತದೆ. ಆಪರೇಷನ್ನಿನಲ್ಲಿ ಪ್ರಾಣಾಪಾಯ ಬಹಳ ಕಡಿಮೆ. ಅಮೆರಿಕದ ದಾಖಲೆಗಳಲ್ಲಿ ಹಿಂದೆ ಹತ್ತು ಸಾವಿರಕ್ಕೆ ಮೂರು ಸಾವು ಇದ್ದದ್ದು ಈಚಿನ ವರ್ಷಗಳಲ್ಲಿ ಒಂದಕ್ಕೂ ಕೆಳಗೆ ಇಳಿದಿದೆ. ಹಾಗೆಂದು ‘ಏನೂ ಆಗುವುದಿಲ್ಲ’ ಎಂಬ ಮಾತೂ ಪೂರ್ತಿ ನಿಜವಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಅಂದಾಜಿನಂತೆ, ಕಿಡ್ನಿ ಕೊಟ್ಟ ಹತ್ತು ಸಾವಿರ ಮಂದಿಯಲ್ಲಿ ಜೀವಮಾನದಲ್ಲಿ 90 ಮಂದಿಗೆ ಸ್ವತಃ ಕಿಡ್ನಿ ವೈಫಲ್ಯ ಆಗಬಹುದು. ಅಷ್ಟೇ ಆರೋಗ್ಯವಿದ್ದೂ ಕೊಡದವರಲ್ಲಿ ಆ ಸಂಖ್ಯೆ 14. ಕೊಟ್ಟ ಮೇಲೆ ಬಸಿರಾಗುವವರಿಗೆ ಬಿಪಿ ಏರುವ ಸಂಭವವೂ ಹೆಚ್ಚು. ಕೊಡುವವರ ಮುಂದೆ ಈ ಲೆಕ್ಕಗಳನ್ನು ಇಟ್ಟೇ ಸಹಿ ಹಾಕಿಸಿಕೊಳ್ಳಬೇಕು. ನನಗೆ ಇಟ್ಟರು, ನಾನು ಹಾಕಿದೆ.

ಆ 90 ಮಂದಿಯಲ್ಲಿ ಒಬ್ಬರಾಗದಂತೆ ನೋಡಿಕೊಳ್ಳಲು ಬೇಕಾದದ್ದು ದುಬಾರಿಯದೇನಲ್ಲ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನು ನೋಡಿಸಬೇಕು. ಮೈಕೈ ನೋವಿಗೆ ಮೆಡಿಕಲ್ ಶಾಪಿನವನು ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಬಾರದು. ಜ್ವರಕ್ಕೆ ತೋರಿಸಲು ಹೋದರೂ ತನಗೆ ಒಂದೇ ಕಿಡ್ನಿ ಎಂದು ಮೊದಲು ಹೇಳಬೇಕು. ಇದಕ್ಕೆ ಹಣಕ್ಕಿಂತ ನೆನಪು ಮುಖ್ಯ. ಆದರೆ ವರ್ಷ ತುಂಬುವುದರೊಳಗೆ ಎಷ್ಟೋ ದಾನಿಗಳು ಆಸ್ಪತ್ರೆಯ ಕಡೆ ಮುಖ ಹಾಕುವುದನ್ನೇ ಬಿಡುತ್ತಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಲ್ಯಾಬಿನ ಬಿಲ್ಲು ಯಾರು ಕೊಡುತ್ತಾರೆ? ಕಿಡ್ನಿ ತೆಗೆದ ಆಸ್ಪತ್ರೆಯೇ ಈ ಮೂರು ಪರೀಕ್ಷೆಗಳನ್ನು ಬದುಕಿರುವಷ್ಟು ಕಾಲ ಪುಕ್ಕಟೆ ಮಾಡಿಕೊಡಬೇಕು. ಕಸಿಯ ಬಿಲ್ಲಿನ ಮುಂದೆ ಅದೊಂದು ಖರ್ಚೇ ಅಲ್ಲ.

ರಜೆಯ ಮಾತಿಗೆ ಬರೋಣ. ಅಂಗದಾನ ಮಾಡಿದ ಕೇಂದ್ರ ಸರ್ಕಾರಿ ನೌಕರರಿಗೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಕೊಡಬಹುದು ಎಂದು 2023ರ ಏಪ್ರಿಲ್‌ನಲ್ಲಿ ಆದೇಶವಾಗಿದೆ. ಒಳ್ಳೆಯ ಆದೇಶ. ಆರು ವಾರ ಬೇಕು ಎಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಆ ಆರು ವಾರ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಅಕ್ಕನಿಗೂ ಬೇಕು, ತೆಂಗಿನ ತೋಟದ ಕೂಲಿಯ ತಾಯಿಗೂ ಬೇಕು, ಬಾಗಿಲು ಮುಚ್ಚಿದರೆ ಆದಾಯವೂ ಮುಚ್ಚುವ ನನ್ನಂಥವನಿಗೂ ಬೇಕು. ರಾಜ್ಯ ಸರ್ಕಾರ ಬಡ ದಾನಿಗೆ ಆರು ವಾರದ ಕನಿಷ್ಠ ಕೂಲಿಯನ್ನು ಕಸಿಯ ಖರ್ಚಿನ ಭಾಗವೆಂದೇ ಕೊಡಲಿ. ಅದು ಕಿಡ್ನಿಗೆ ಕೊಟ್ಟ ಬೆಲೆ ಆಗುವುದಿಲ್ಲ, ಕಳೆದುಹೋದ ದುಡಿಮೆಗೆ ಭರ್ತಿ, ಅಷ್ಟೇ.

ಸರ್ಕಾರ ಮಾಡುವವರೆಗೆ ಮನೆಯವರು ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಅಮ್ಮನೋ, ಅಕ್ಕನೋ, ಸೊಸೆಯೋ ಕಿಡ್ನಿ ಕೊಡಲು ಒಪ್ಪಿದ್ದರೆ, ಆಪರೇಷನ್ ತಾರೀಖು ಗೊತ್ತು ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಆರು ವಾರ ಅಡುಗೆ ಯಾರದು, ನೀರು ಹೊರುವವರು ಯಾರು, ಬಟ್ಟೆ ಒಗೆಯುವವರು ಯಾರು, ರೋಗಿಯ ಮಾತ್ರೆಯ ಹೊತ್ತು ನೋಡುವವರು ಯಾರು ಎಂದು ಹೆಸರು ಹಿಡಿದು ಬರೆಯಿರಿ. ಅದರಲ್ಲಿ ಕೊಡುವವಳ ಹೆಸರು ಒಂದು ಕಡೆಯೂ ಇರಕೂಡದು. ಹೆಸರುಗಳು ತುಂಬದಿದ್ದರೆ ಡಾಕ್ಟರನ್ನು ಕೇಳಿ ತಾರೀಖನ್ನು ಎರಡು ವಾರ ಮುಂದಕ್ಕೆ ಹಾಕಿಸಿ.