ಅಡ್ಡಹೆಸರೇನ್ರಿ?

ಕಳೆದ ವಾರ ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗದವರು ಅಲ್ಲಮನ ಬಗ್ಗೆ ಮಾತಾಡಲು ಕರೆದಿದ್ದರು. ತೇರದಾಳದವನು, ಊರದೇವರೇ ಅಲ್ಲಮಪ್ರಭು, ಏನಾದರೂ ಹೇಳಿಯಾನು ಅನ್ನುವ ಭರವಸೆ ಅವರದು. ಜಮಖಂಡಿಗೆ 2023ರಲ್ಲಿ ಬಂತಲ್ಲ, ಆ ಹೊಸ ವಿಶ್ವವಿದ್ಯಾಲಯ ಅಂದುಕೊಳ್ಳಬೇಡಿ. ಇದು ಬೇರೆ, ಹೆಸರು ಬೇಡ.

ಸಭೆಗೆ ಇನ್ನೂ ಅರ್ಧ ತಾಸು ಇತ್ತು. ಸ್ಟಾಫ್ ರೂಮಿನಲ್ಲಿ ಚುರುಮುರಿ, ಮಿರ್ಚಿ, ಚಹಾ. ಮೂಲೆಯ ಕುರ್ಚಿಯಲ್ಲಿ ಹೊಸದಾಗಿ ಸೇರಿದ ಉಪನ್ಯಾಸಕಿ, ಚಾಮರಾಜನಗರದ ಕಡೆಯವರು. ಹಿರಿಯ ಪ್ರಾಧ್ಯಾಪಕರೊಬ್ಬರು ಮಿರ್ಚಿ ಮುರಿಯುತ್ತಾ ಕೇಳಿದರು: “ಮೇಡಂ, ನಿಮ್ಮ ಅಡ್ಡಹೆಸರೇನ್ರಿ?”

“ನಮ್ಮ ಕಡೆ ಅಡ್ಡಹೆಸರು ಇರಲ್ಲ ಸರ್. ಇನಿಷಿಯಲ್ ಅಷ್ಟೇ.”

ನಮ್ಮ ಸೀಮೆಯಲ್ಲಿ ಅಡ್ಡಹೆಸರೆಂದರೆ ಅರ್ಧ ಜಾತಕ. ಇನಿಷಿಯಲ್ ಇಟ್ಟುಕೊಂಡು ಏನು ಮಾಡುವುದು? ಪ್ರಾಧ್ಯಾಪಕರು ಇನ್ನೊಂದು ಬಾಗಿಲು ತಟ್ಟಿದರು. “ಮನಿದೇವ್ರು ಯಾರ್ರೀ?”

“ಮಾದಪ್ಪ.”

ಮಲೆ ಮಾದಪ್ಪನಿಗೆ ಎಲ್ಲ ಜಾತಿಯ ಒಕ್ಕಲೂ ಉಂಟು. ಅಲ್ಲಿಗೂ ದಾರಿ ಕಟ್ಟಿತು. ಉಳಿದದ್ದು ಕೊನೆಯ ಪ್ರಶ್ನೆ: “ಊಟಕ್ಕ ಎಲ್ಲಾ ನಡೀತೈತೇನ್ರಿ?”

ಆಕೆ ಚಹಾದ ಕಪ್ಪು ಕೆಳಗಿಟ್ಟು, “ಸಿಕ್ಕಿದ್ದು ತಿಂತೀನಿ ಸರ್” ಅಂದು ಎದ್ದು ಹೋದರು. ಪಕ್ಕದಲ್ಲಿದ್ದವರು ಮೊಬೈಲ್ ತೆಗೆದರು. “ಆಯ್ಕೆ ಪಟ್ಟಿ ಐತಿ ತಡ್ರಿ, ಹೆಸರಿನ ಬಾಜೂಕ ಕೆಟಗರಿ ಹಾಕಿರ್ತಾರ.”

ಹತ್ತು ನಿಮಿಷದ ಮೇಲೆ ಅದೇ ಪ್ರಾಧ್ಯಾಪಕರು ವೇದಿಕೆ ಹತ್ತಿ ಬಸವಣ್ಣನವರ ಆ ವಚನ ಹೇಳಿದರು. ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ರಾಗವಾಗಿಯೇ ಹೇಳಿದರು. ಚಪ್ಪಾಳೆ ಬಿತ್ತು.

ಕಾನೂನು ಬಾಗಿಲವರೆಗೆ ತಂದು ಬಿಡುತ್ತದೆ. ಅದಕ್ಕೂ ಎಷ್ಟು ಗುದ್ದಾಟ! ಕೇಂದ್ರದ ಮೀಸಲಾತಿ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಯ ಸರದಿ 7ನೇ ಹುದ್ದೆಗೆ, ಪಂಗಡದ್ದು 14ನೆಯದಕ್ಕೆ. ವಿಭಾಗವನ್ನೇ ಘಟಕವೆಂದು ಹಿಡಿದರೆ ಮೂರು ಹುದ್ದೆಯ ವಿಭಾಗದಲ್ಲಿ ಆ ಸರದಿ ಬರುವ ಹೊತ್ತಿಗೆ ಯುಗ ಕಳೆದಿರುತ್ತದೆ. ಜನ ಬೀದಿಗಿಳಿದ ಮೇಲೆ, 2019ರಲ್ಲಿ, ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಒಂದು ಘಟಕ ಅಂತ ಕಾಯ್ದೆ ಬಂತು. ಅಂಗವಿಕಲರಿಗೆ 2016ರ ಕಾಯ್ದೆಯಲ್ಲಿ ಶೇ 4. ತೃತೀಯ ಲಿಂಗಿಗಳಿಗೆ 2021ರಲ್ಲಿ ನಮ್ಮ ರಾಜ್ಯ ಶೇ 1 ಇಟ್ಟಿತು. ಇಷ್ಟೆಲ್ಲ ಬೇಲಿ ದಾಟಿ ಒಳಗೆ ಬಂದವರಿಗೆ ಸ್ಟಾಫ್ ರೂಮಿನಲ್ಲಿ ಮಿರ್ಚಿಯ ಜೊತೆ ಈ ವಿಚಾರಣೆ. ಪಿಎಚ್‌.ಡಿ. ಯಾವ ವಿಷಯದ ಮೇಲೆ ಮಾಡಿದ್ದೀರಿ ಅಂತ ಆಕೆಯನ್ನು ಒಬ್ಬರಾದರೂ ಕೇಳಲಿಲ್ಲ.

ಮದ್ದಳೆ ಬಾರಿಸುತ್ತಿದ್ದ ಅಲ್ಲಮನನ್ನು ಕರೆದು ಶೂನ್ಯಸಿಂಹಾಸನದ ಮೇಲೆ ಕೂರಿಸಿದರು ಅನ್ನುತ್ತದೆ ಕಥೆ. ಈಗಿನ ವಿಭಾಗವಾಗಿದ್ದರೆ ಹಾಜರಿ ಪುಸ್ತಕದಲ್ಲಿ ‘ಅಲ್ಲಮಪ್ರಭು ಮದ್ದಳಿ’ ಅಂತ ಬರೆಸಿಕೊಂಡು, “ಗೊತ್ತಾತು ಬಿಡ್ರಿ” ಅಂತಿದ್ದರು. ಈ ಮಾತನ್ನು ವೇದಿಕೆಯ ಮೇಲೆಯೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಮುಂದಿನ ಸಾಲಿನಲ್ಲಿ ಆ ಮೇಡಂ ಕೂತಿದ್ದರು, ಅವರಿಗೆ ಮುಜುಗರ ಆದೀತು ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ಶಾಲು, ಹಣ್ಣಿನ ಬುಟ್ಟಿ ತಗೊಂಡು ಬಸ್ ಹತ್ತಿದೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. “ಅಯ್ಯ ಪಾಪ, ದೂರದಿಂದ ಬಂದ ಹುಡುಗಿ” ಅಂತ ಮರುಗಿದಳು. ಆ ಪ್ರಾಧ್ಯಾಪಕರಿಗೆ ನಾಲ್ಕು ಮಾತು ಬೈದಳು. ಆಮೇಲೆ ಬುಟ್ಟಿಯ ಹಣ್ಣು ತೆಗೆದಿಡುತ್ತಾ, “ಹೌದು, ಆಕಿ ಯಾರ ಪೈಕಿ ಅಂತ್ರೀ?” ಅಂದಳು.

“ನನಗೇನ್ ಗೊತ್ತು!” ಅಂತ ಸಿಡುಕಿದೆ. ಗೊತ್ತಿರಲಿಲ್ಲ ಅನ್ನುವುದು ನಿಜ. ಆದರೆ ಬಸ್ಸು ರಬಕವಿ ದಾಟುವವರೆಗೂ ಕಿಟಕಿ ಪಕ್ಕ ಕೂತು ನಾನೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.